ಗೊಂಬೆ ಮೆಟ್ಟಿಲ ಮೇಲೆ ಜೇಡ

ಪರಊರಿನಲ್ಲಿ ಸಂಸಾರ ಹೂಡಿದವರಿಗೆ ಒಂದು ಹಲಗೆಯ ಬೆಲೆ ಚೆನ್ನಾಗಿ ಗೊತ್ತಿರುತ್ತದೆ. ಊರಿಂದ ತಂದ ಪುಸ್ತಕ, ದೇವರ ಪಟ, ಉಪ್ಪಿನಕಾಯಿ ಜಾಡಿ, ಮದುವೆಯಲ್ಲಿ ಬಂದ ಬೆಳ್ಳಿ ಸಾಮಾನು ಎಲ್ಲಕ್ಕೂ ಬಾಡಿಗೆ ಮನೆಯಲ್ಲಿ ಜಾಗ ಹುಡುಕುವುದರಲ್ಲೇ ವರ್ಷಗಳು ಕಳೆಯುತ್ತವೆ. ಅಂಥ ಮನೆಯ ಹಾಲಿನಲ್ಲಿ ಒಂದು ಗೋಡೆಯನ್ನು ಜೇಡಗಳಿಗೆ ಬಿಟ್ಟುಕೊಟ್ಟಿದ್ದೇವೆ ಅಂದರೆ ಕೇಳಿದವರು ಮೊದಲು ನಗುತ್ತಾರೆ. ಆಮೇಲೆ ಮೆಲ್ಲಗೆ ಕಾಲು ಮೇಲೆತ್ತಿಕೊಂಡು ಕೂರುತ್ತಾರೆ.

ನಾವು ಮೈಸೂರಿನವರು. ಯಜಮಾನರ ಕೆಲಸದ ದೆಸೆಯಿಂದ 2011ರಲ್ಲಿ ನಾಸಿಕಕ್ಕೆ ಬಂದೆವು. ಈಗ ಎರಡು ವರ್ಷದಿಂದ ಛತ್ರಪತಿ ಸಂಭಾಜಿನಗರದಲ್ಲಿದ್ದೇವೆ. ಹಳಬರ ಬಾಯಲ್ಲಿ ಇನ್ನೂ ಔರಂಗಾಬಾದ್. ಜೇಡದ ಕಥೆ ಶುರುವಾಗಿದ್ದು ನಾಸಿಕದ ಬಾಲ್ಕನಿಯಲ್ಲಿ, 2022ರಲ್ಲಿ. ಮಗಳಿಗೆ ಆಗ ಹನ್ನೆರಡು. ತುಳಸಿ ಕುಂಡದ ಅಂಚಿನಲ್ಲಿ ಒಂದು ಸೆಂಟಿಮೀಟರ್ ಉದ್ದದ, ಕಪ್ಪು-ಬಿಳಿ ಪಟ್ಟೆಯ ಪುಟ್ಟ ಪ್ರಾಣಿಯೊಂದು ಕೂತಿತ್ತು. ಅವಳು ಬೆರಳು ಆಡಿಸಿದ ಕಡೆಗೆಲ್ಲ ಅದು ತಲೆ ತಿರುಗಿಸಿ ನೋಡುತ್ತಿತ್ತು. "ಅಮ್ಮಾ, ಇದು ನನ್ನನ್ನು ನೋಡ್ತಾ ಇದೆ" ಅಂದಳು. ಹುಳು ಎಲ್ಲಾದರೂ ನೋಡುತ್ತದೆಯೇ ಅಂತ ನಾನೂ ಬಗ್ಗಿದೆ. ಅದು ನನ್ನ ಕಡೆಗೂ ತಿರುಗಿತು.

ಅದು ಪ್ಲೆಕ್ಸಿಪಸ್ ಪೇಕುಲ್ಲಿ ಎಂಬ ಜಿಗಿಯುವ ಜೇಡ. ಜಗತ್ತಿನ ಬೆಚ್ಚನೆಯ ದೇಶಗಳಲ್ಲೆಲ್ಲ ಮನೆ ಗೋಡೆಗಳ ಮೇಲೆ ಕಾಣಸಿಗುವ ಸಾಮಾನ್ಯ ಪ್ರಾಣಿ. ಮೈಸೂರಿನಲ್ಲೂ ಉಂಟು, ಮುಂಬೈಯಲ್ಲೂ ಉಂಟು. ಜೇಡಗಳಲ್ಲೇ ಅತಿ ದೊಡ್ಡ ಕುಟುಂಬ ಈ ಜಿಗಿಯುವವರದು. ಆರು ಸಾವಿರಕ್ಕೂ ಹೆಚ್ಚು ಪ್ರಭೇದಗಳನ್ನು ಗುರುತಿಸಿದ್ದಾರಂತೆ. ಇವು ಬಲೆ ಕಟ್ಟಿ ಬೇಟೆಯನ್ನು ಕಾಯುವುದಿಲ್ಲ. ಬೆಕ್ಕಿನ ಹಾಗೆ ಹೊಂಚಿ ನೆಗೆದು ಹಿಡಿಯುತ್ತವೆ. ನೆಗೆಯುವ ಮುಂಚೆ ಒಂದು ನೂಲನ್ನು ಹಿಂದಕ್ಕೆ ಅಂಟಿಸಿಕೊಂಡಿರುತ್ತವೆ, ಬಿದ್ದರೆ ಹಗ್ಗ ಹಿಡಿದು ಹತ್ತಿ ಬರಲು. ಎಂಟು ಕಣ್ಣುಗಳಲ್ಲಿ ಮುಂದಿನ ಎರಡು ದೊಡ್ಡವು ಉದ್ದನೆಯ ದುರ್ಬೀನಿನ ಹಾಗಿವೆ. ಅವುಗಳ ಒಳಪರದೆಯನ್ನೇ ಅತ್ತಿತ್ತ ಆಡಿಸಿ ನೋಡಬಲ್ಲವು. ಆದ್ದರಿಂದ ಮಗಳು ಹೇಳಿದ್ದು ನಿಜವೇ. ಅದು ನೋಡುತ್ತಿತ್ತು.

ಒಂದು ಇದ್ದದ್ದು ಮೂರಾಯಿತು, ಮೂರು ಏಳಾಯಿತು. ಉಪ್ಪಿನ ಡಬ್ಬಿ, ಗಾಜಿನ ಶೀಶೆ ಎಲ್ಲ ಅಡುಗೆಮನೆಯಿಂದ ಮಾಯವಾಗತೊಡಗಿದವು. ಕೊನೆಗೆ "ಇವಕ್ಕೊಂದು ಶೆಲ್ಫ್ ಮಾಡಿಸಿಬಿಡೋಣ" ಅಂತ ನಾನೇ ಅಂದೆ.

ಹಲಗೆ ಮನೆಯಲ್ಲೇ ಇತ್ತು. ಅತ್ತೆಯವರು ಮೈಸೂರಿನಲ್ಲಿ ವರ್ಷಾ ವರ್ಷಾ ದಸರೆಗೆ ಗೊಂಬೆ ಕೂರಿಸುತ್ತಿದ್ದ ಏಳು ಮೆಟ್ಟಿಲಿನ ತೇಗದ ಹಲಗೆಗಳು. ಮಂಡಿನೋವು ಶುರುವಾದ ಮೇಲೆ "ನೀನು ಕೂರಿಸಮ್ಮ" ಅಂತ ನಮಗೆ ಕಳಿಸಿದ್ದರು. ನಾಸಿಕದಲ್ಲಿ ನಾಲ್ಕೈದು ವರ್ಷ ಐದು ಮೆಟ್ಟಿಲಿಟ್ಟು ಕೂರಿಸಿದೆ. ನವರಾತ್ರಿಯೆಂದರೆ ಅಲ್ಲಿ ಘಟಸ್ಥಾಪನೆ, ಗರ್ಬಾ, ವಣಿಯ ಸಪ್ತಶೃಂಗಿಗೆ ನಡೆದು ಹೋಗುವವರ ಸಾಲು. ಗೊಂಬೆ ನೋಡಲು ಬರುವ ಕನ್ನಡದ ಮನೆಗಳು ಒಂದೊಂದಾಗಿ ಬೇರೆ ಊರಿಗೆ ಹೋದವು. ಪಟ್ಟದ ಗೊಂಬೆಗಳು ಶೋಕೇಸಿಗೆ ಸೇರಿದವು. ಹಲಗೆಗಳು ಮಂಚದ ಕೆಳಗಿದ್ದವು.

ಬಡಗಿಯನ್ನು ಕರೆಸಿದ ದಿನ ಅತ್ತೆಯವರೂ ಮನೆಯಲ್ಲಿದ್ದರು. ಬಡಗಿ ಅಳತೆ ತೆಗೆದುಕೊಳ್ಳುತ್ತಾ "ಕೋಣಾಸಾಠಿ?" ಅಂತ ಕೇಳಿದ. ಯಾರಿಗಾಗಿ ಅಂತ. ಮಗಳು ಶುದ್ಧ ಮರಾಠಿಯಲ್ಲಿ "ಕೋಳ್ಯಾಂಸಾಠಿ" ಅಂದಳು. ಅತ್ತೆಯವರು ಒಳಗಿಂದ ಓಡಿಬಂದರು. "ಏನೇ ಇದು, ನನ್ನ ಗೊಂಬೆ ಹಲಗೆ ಮೇಲೆ ಕೋಳಿ ಸಾಕ್ತೀರಾ?"

ಮಹಾರಾಷ್ಟ್ರದಲ್ಲಿರುವ ಕನ್ನಡಿಗರಿಗೆ ಈ ತಮಾಷೆ ತಿಳಿದೇ ಇರುತ್ತದೆ. ಮರಾಠಿಯಲ್ಲಿ ಕೋಳಿ ಅಂದರೆ ಜೇಡ. ಬಲೆ ಬೀಸುವ ಮೀನುಗಾರ ಸಮುದಾಯಕ್ಕೂ ಅದೇ ಹೆಸರು. ನಮ್ಮಲ್ಲಿ ಜೇಡ ಅಂದರೆ ಹುಳುವೂ ಹೌದು, ನೇಕಾರನೂ ಹೌದು. ವಚನಕಾರ ಜೇಡರ ದಾಸಿಮಯ್ಯನ ಹೆಸರಿನಲ್ಲಿರುವುದು ಆ ನೇಕಾರ. ಒಂದೇ ಪ್ರಾಣಿಯಲ್ಲಿ ಅವರು ಬಲೆ ಬೀಸುವವನನ್ನು ಕಂಡರು, ನಾವು ನೂಲು ನೇಯುವವನನ್ನು ಕಂಡೆವು. ನಮ್ಮ ಮನೆಯ ಜೇಡಗಳೋ ಎರಡೂ ಕಸುಬು ಬಿಟ್ಟು ನೆಗೆದಾಡಿಕೊಂಡಿದ್ದವು. ಕೋಳಿ ಅಲ್ಲ ಎಂದು ತಿಳಿದು ಅತ್ತೆಗೆ ಸಮಾಧಾನವಾಯಿತು. ಜೇಡ ಎಂದು ತಿಳಿದು ಆ ಸಮಾಧಾನವೂ ಹೋಯಿತು. "ಹಬ್ಬ ಬಂದರೆ ಮೂಲೆ ಮೂಲೆ ಜೇಡರ ಬಲೆ ಹೊಡೆದು ಸಾಕಾಗತ್ತೆ. ನೀವು ಕರೆದು ಕೂರಿಸ್ತೀರಲ್ಲ!"

ಆದರೆ ಬಡಗಿ ಕೇಳಿದ ಪ್ರಶ್ನೆ ನನ್ನ ತಲೆಯಲ್ಲೇ ಉಳಿಯಿತು. ಯಾರಿಗಾಗಿ? ಗೊಂಬೆ ಮೆಟ್ಟಿಲು ನೋಡುವವರಿಗಾಗಿ ಇರುವಂಥದ್ದು. ಬಾಗಿಲಲ್ಲಿ ನಿಂತವರಿಗೆ ಒಂದೇ ನೋಟಕ್ಕೆ ಎಲ್ಲ ಕಾಣಲಿ ಅಂತಲೇ ಅದನ್ನು ಇಳಿಜಾರಾಗಿ ಕಟ್ಟುವುದು. ಗೊಂಬೆಗೆ ಸೆಕೆಯಿಲ್ಲ, ಬಾಯಾರಿಕೆಯಿಲ್ಲ, ಹೆದರಿಕೆಯಿಲ್ಲ. ನಾನೂ ಮೊದಲು ಅದೇ ಥರ ಯೋಚಿಸಿ, ಹಾಲಿನ ಕಿಟಕಿಯ ಎದುರು, ಬಂದವರ ಕಣ್ಣಿಗೆ ಬೀಳುವ ಜಾಗ ತೋರಿಸಿದೆ. ಮಗಳು ಒಂದು ಪುಟದ ಪಟ್ಟಿ ಹಿಡಿದುಕೊಂಡು ಬಂದಳು. ಆಮೇಲೆ ಶೆಲ್ಫ್ ಹೇಗಾಯಿತೆಂದು ಹೇಳುತ್ತೇನೆ. ನಿಮ್ಮಲ್ಲೂ ಇಂಥ ಮಕ್ಕಳಿದ್ದರೆ ಉಪಯೋಗವಾದೀತು.

ಮೊದಲನೆಯದು ಬಿಸಿಲು. ಇವು ಹಗಲು ಓಡಾಡುವ ಪ್ರಾಣಿಗಳು, ಬೆಳಕು ಬೇಕೇ ಬೇಕು. ಆದರೆ ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯ ಮೇಲೆ ನೇರ ಬಿಸಿಲು ಬಿದ್ದರೆ ಸ್ವಲ್ಪ ಹೊತ್ತಿನಲ್ಲೇ ಒಳಗೆ ಒಲೆಯಾಗುತ್ತದೆ. ಹಾಗಾಗಿ ಕಿಟಕಿಯ ಪಕ್ಕದ ಒಳಗೋಡೆ ಆರಿಸಿದೆವು. ಪ್ರತಿ ಹಲಗೆಯ ಕೆಳಬದಿಗೆ ಬಿಸಿಯಾಗದ ಎಲ್‌ಇಡಿ ಪಟ್ಟಿ, ಹಗಲು ಹನ್ನೆರಡು ಗಂಟೆ ಬೆಳಕು, ಆಮೇಲೆ ಕತ್ತಲೆ. ಎರಡನೆಯದು ಬಾಗಿಲು. ಜಿಗಿಯುವ ಜೇಡ ಬೇಟೆಗೆ ಬಲೆ ಕಟ್ಟದಿದ್ದರೂ ಮಲಗಲು, ಪೊರೆ ಕಳಚಲು, ಮೊಟ್ಟೆಯಿಡಲು ರೇಷ್ಮೆಯ ಪುಟ್ಟ ಚೀಲ ನೇಯುತ್ತದೆ, ಅದೂ ಡಬ್ಬಿಯ ಮೇಲಿನ ಮೂಲೆಯಲ್ಲೇ. ಮೇಲೆ ಮುಚ್ಚಳವಿದ್ದರೆ ತೆರೆದಾಗಲೆಲ್ಲ ಅದರ ಮನೆ ಹರಿಯುತ್ತದೆ. ಆದ್ದರಿಂದ ಮುಂದಕ್ಕೆ ತೆರೆಯುವ ಅಕ್ರಿಲಿಕ್ ಡಬ್ಬಿ ಮಾಡಿಸಿದೆವು, ನಾಲ್ಕಿಂಚು ಅಗಲ, ಆರಿಂಚು ಎತ್ತರ. ಅಕ್ಕಪಕ್ಕದ ಗಾಳಿರಂಧ್ರ ಮುಚ್ಚದಂತೆ ಡಬ್ಬಿಗಳ ನಡುವೆ ಎರಡಿಂಚು, ಗೋಡೆಗೂ ಹಲಗೆಗೂ ನಡುವೆ ಎರಡಿಂಚು ಬಿಟ್ಟೆವು. ಹೀಗಾಗಿ ಹದಿನೈದು ಡಬ್ಬಿ ಹಿಡಿಯುತ್ತದೆ ಅಂದುಕೊಂಡ ಜಾಗದಲ್ಲಿ ಹತ್ತೇ ಹಿಡಿದವು.

ಮೂರನೆಯದು ಅದುರು. ವಾಷಿಂಗ್ ಮೆಷೀನಿನ ಗೋಡೆ ಬೇಡ, ದಡಾರನೆ ಬಡಿದುಕೊಳ್ಳುವ ಬಾಗಿಲ ಪಕ್ಕ ಬೇಡ. ನಾಲ್ಕನೆಯದು ಕೆಳಗಿನ ಹಲಗೆ. ನೆಲ ಒರೆಸುವ ಫಿನೈಲಿನ ಘಾಟು ಮೊದಲು ಮುಟ್ಟುವುದೇ ಅಲ್ಲಿಗೆ, ಅದಕ್ಕೆ ಅಲ್ಲಿ ಪುಸ್ತಕ ಮಾತ್ರ. ಐದನೆಯದು ಇರುವೆ. ಪೊರೆ ಕಳಚುತ್ತಿರುವ ಜೇಡ ಮೆತ್ತಗಿರುತ್ತದೆ, ಇರುವೆ ನುಗ್ಗಿದರೆ ಮುಗಿಯಿತು. ಇರುವೆಗೆ ಗೆರೆ ಎಳೆಯುವ ಸೀಮೆಸುಣ್ಣ ತರುವಂತಿಲ್ಲ, ಇರುವೆ ಕೊಲ್ಲುವ ವಿಷ ಜೇಡವನ್ನೂ ಕೊಲ್ಲುತ್ತದೆ. ಆಗ ಉಪಾಯ ಕೊಟ್ಟವರು ಅತ್ತೆಯವರು. ನಮ್ಮಲ್ಲಿ ಸಿಹಿತಿಂಡಿ ಇಡುತ್ತಿದ್ದ ಗೂಡಿನ ಹಾಗೆ, ಶೆಲ್ಫಿನ ನಾಲ್ಕು ಕಾಲಿಗೂ ನೀರಿನ ಬಟ್ಟಲು. "ಹುಳುವಿಗೂ ನೀವೆಲ್ಲ ಇಷ್ಟು ಮಾಡ್ತೀರಲ್ಲ" ಅಂತ ಗೊಣಗುತ್ತಲೇ ಬಟ್ಟಲು ಅವರೇ ಆರಿಸಿಕೊಟ್ಟರು.

ಊಟ ನಾಸಿಕದಲ್ಲಿ ಸುಲಭವಿತ್ತು. ದ್ರಾಕ್ಷಿಯ ಊರು. ಒಂದು ಶೀಶೆಯಲ್ಲಿ ಬಾಳೆಹಣ್ಣಿನ ತುಂಡು ಇಟ್ಟರೆ ಹಣ್ಣುನೊಣದ ಸಂಸಾರವೇ ಬೆಳೆಯುತ್ತಿತ್ತು. ಹೊರಗೆ ಹಿಡಿದ ನೊಣ ಮಾತ್ರ ಹಾಕುತ್ತಿರಲಿಲ್ಲ, ಯಾವ ತೋಟದ ಔಷಧಿ ಕುಡಿದು ಬಂದಿದೆಯೋ ಅಂತ. ನೀರು ಬಟ್ಟಲಲ್ಲಿ ಅಲ್ಲ, ಡಬ್ಬಿಯ ಗೋಡೆಗೆ ಸಣ್ಣಗೆ ಸಿಂಪಡಿಸಬೇಕು. ಅವು ಹನಿಗೆ ಬಾಯಿಟ್ಟು ಕುಡಿಯುವುದನ್ನು ನೋಡುವುದೇ ಒಂದು ಸಂತೋಷ. ಒಂದು ಡಬ್ಬಿಗೆ ಒಂದೇ ಜೇಡ. ಎರಡಿಟ್ಟರೆ ಒಂದು ಇನ್ನೊಂದರ ಊಟವಾಗುತ್ತದೆ. ಆಯಸ್ಸು ಸುಮಾರು ಒಂದು ವರ್ಷ. ಅಂದರೆ ಈ ಹವ್ಯಾಸದಲ್ಲಿ ವರ್ಷಕ್ಕೆ ಹಲವು ಸಲ ಸಾವು ನೋಡಬೇಕು. ಮೊದಲ ಸಲ ಮಗಳು ಊಟ ಬಿಟ್ಟಳು. ಆಮೇಲಾಮೇಲೆ ಖಾಲಿಯಾದ ಡಬ್ಬಿ ತೊಳೆದು ಒಣಗಿಸಿ ಸುಮ್ಮನೆ ಅದರ ಜಾಗಕ್ಕೆ ಇಡುವುದನ್ನು ಕಲಿತಳು.

ಶೆಲ್ಫಿನಲ್ಲಿ ಜಾಗ ಖಾಲಿ ಕಂಡರೆ ತುಂಬುವ ಆಸೆ ಬರುತ್ತದೆ. ಸಾಕುಪ್ರಾಣಿಗಳ ವ್ಯಾಪಾರ ಮಾಡುವವರೊಬ್ಬರು ಮಗಳ ಆಸಕ್ತಿ ಕೇಳಿ, ಮೆಕ್ಸಿಕೋದ ಕೆಂಪು ಮೊಣಕಾಲಿನ ಟ್ಯಾರಂಟುಲಾ ಮರಿ ತರಿಸಿಕೊಡುತ್ತೇನೆ ಅಂದರು. ಅಂಗೈಯಗಲ ಬೆಳೆಯುವ, ರೋಮದ ಜೇಡ. ಹೆಣ್ಣಾದರೆ ಇಪ್ಪತ್ತು ವರ್ಷ ಬದುಕಬಲ್ಲದು. ಮಗಳ ಕಣ್ಣು ಅರಳಿತು. "ಕಾಗದಪತ್ರ?" ಅಂದೆ. "ಅದೆಲ್ಲ ಯಾರು ಕೇಳ್ತಾರೆ ತಾಯೀ" ಅಂದರು.

ಕೇಳುತ್ತಾರೆ. 2021ರ ಜುಲೈನಲ್ಲಿ ಚೆನ್ನೈ ಕಸ್ಟಮ್ಸ್‌ನವರು ಪೋಲೆಂಡಿನಿಂದ ಬಂದ ಅಂಚೆ ಪೊಟ್ಟಣ ಒಡೆದಾಗ ಪುಟ್ಟ ಪ್ಲಾಸ್ಟಿಕ್ ಶೀಶೆಗಳಲ್ಲಿ 107 ಜೀವಂತ ಜೇಡಗಳಿದ್ದವು. ಹತ್ತಿಯಲ್ಲಿ, ಬೆಳ್ಳಿ ಹಾಳೆಯಲ್ಲಿ ಸುತ್ತಿ ಕಳಿಸಿದ್ದರು. ಈ ಮೆಕ್ಸಿಕೋದ ಜಾತಿ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿದೆ. ನಮ್ಮ ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾದ ಮೇಲೆ ಆ ಪಟ್ಟಿಯ ಪ್ರಾಣಿಗಳೂ ಕಾಯ್ದೆಯೊಳಗೆ ಬಂದವು. ಅಂಥದ್ದು ಮನೆಯಲ್ಲಿದ್ದರೆ ಸರ್ಕಾರದ ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸಬೇಕೆಂಬ ನಿಯಮ 2024ರಲ್ಲಿ ಬಂತು.

ಕಾನೂನಿಗಿಂತ ಮಗಳಿಗೆ ತಟ್ಟಿದ್ದು ಗುತ್ತಿಯ ಜೇಡದ ಕಥೆ. ಬಳ್ಳಾರಿಯಿಂದ ಹೆಚ್ಚು ದೂರವಿಲ್ಲದ, ಆಂಧ್ರದ ಗುತ್ತಿ ರೈಲು ನಿಲ್ದಾಣದ ಸೌದೆ ರಾಶಿಯಲ್ಲಿ ಸಿಕ್ಕ ನೀಲಿ ಬಣ್ಣದ ಜೇಡವೊಂದನ್ನು 1899ರಲ್ಲಿ ಪೋಕಾಕ್ ಎಂಬ ಆಂಗ್ಲ ಪ್ರಾಣಿಶಾಸ್ತ್ರಜ್ಞರು ಪೊಸಿಲೊಥೀರಿಯಾ ಮೆಟಾಲಿಕಾ ಎಂದು ಹೆಸರಿಸಿದರು. ಆಮೇಲೆ ನೂರು ವರ್ಷ ಅದು ಯಾರ ಕಣ್ಣಿಗೂ ಬೀಳಲಿಲ್ಲ. 2001ರಲ್ಲಿ ಮತ್ತೆ ಕಂಡದ್ದು ನಂದ್ಯಾಲ-ಗಿದ್ದಲೂರು ನಡುವಿನ ಕಾಡಿನಲ್ಲಿ. ಗುತ್ತಿಗೆ ಅದು ಮರದ ದಿಮ್ಮಿಯೊಂದಿಗೆ ರೈಲು ಹತ್ತಿ ಬಂದಿರಬೇಕು ಅನ್ನುತ್ತಾರೆ. ಅಳಿವಿನಂಚಿನಲ್ಲಿರುವ ಈ ಪ್ರಾಣಿ ಇವತ್ತು ಯೂರೋಪು, ಅಮೆರಿಕದ ಹವ್ಯಾಸಿಗಳ ಶೆಲ್ಫುಗಳಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಮರಿಹಾಕಿಕೊಂಡಿದೆ. ಅದರ ಬಂಧುವೊಂದಕ್ಕೆ ಆ ಮಾರುಕಟ್ಟೆಯಲ್ಲಿ ನಮ್ಮ ಮೈಸೂರಿನದೇ ಹೆಸರು. "ಊರಲ್ಲಿ ಕಾಡು ಹೋಗ್ತಾ ಇದೆ, ಪರದೇಶದಲ್ಲಿ ಶೆಲ್ಫ್ ತುಂಬ್ತಾ ಇದೆ" ಅಂದಳು ಮಗಳು. ಟ್ಯಾರಂಟುಲಾ ಬೇಡ ಅಂತ ಅವಳೇ ಫೋನ್ ಮಾಡಿ ಹೇಳಿದಳು. ತುಳಸಿ ಕುಂಡಕ್ಕೆ ತಾನಾಗಿ ಬರುವವೇ ಸಾಕು.

2024ರ ಬೇಸಿಗೆ ಮುಗಿಯುವ ಹೊತ್ತಿಗೆ ವರ್ಗವಾಯಿತು. ನಾಸಿಕದಿಂದ ಸಂಭಾಜಿನಗರಕ್ಕೆ ಸುಮಾರು ಇನ್ನೂರು ಕಿಲೋಮೀಟರ್. ಸಾಮಾನು ಲಾರಿಯಲ್ಲಿ, ಶೆಲ್ಫ್ ಬಿಚ್ಚಿ ಕಟ್ಟಿ ಅದರ ಮೇಲೆ. ಏಳು ಜೇಡಗಳು ಮಾತ್ರ ಒದ್ದೆ ಹತ್ತಿಯಿಟ್ಟ ಶೀಶೆಗಳಲ್ಲಿ, ಕಾರಿನಲ್ಲಿ, ಮಗಳ ತೊಡೆಯ ಮೇಲೆ. ದಾರಿಯಲ್ಲಿ ಪೈಠಣಿ ಸೀರೆಯ ಯೇವಲಾ. ಮಗ್ಗದ ಮನೆಗಳ ಮುಂದೆ ಕಾರು ನಿಲ್ಲಿಸಿ ಚಹಾ ಕುಡಿದಾಗ "ನೇಕಾರರ ಊರು, ಕಿಟಕಿ ತೆಗೀರಿ, ಇವೂ ನೋಡಲಿ" ಅಂದರು ಯಜಮಾನರು. ಹೊಸ ಊರು, ಹೊಸ ಶಾಲೆ ಅಂತ ಬೆಳಗಿನಿಂದ ಮುಖ ಗಂಟಿಕ್ಕಿಕೊಂಡಿದ್ದ ಮಗಳು ಮೊದಲ ಸಲ ನಕ್ಕಳು. ಹೊಸ ಮನೆಗೆ ಬಂದ ದಿನ ಅನ್ನದ ಪಾತ್ರೆ ಬಿಚ್ಚುವ ಮುಂಚೆ ಶೆಲ್ಫ್ ನಿಂತಿತು. ಅವಳಿಗೆ ಆ ಊರಿನಲ್ಲಿ ಗುರುತಿದ್ದದ್ದು ಅದೊಂದೇ ಗೋಡೆ.

ಇಲ್ಲಿಯ ಬೇಸಿಗೆಯಲ್ಲಿ ಪಾರೆ ನಲವತ್ತು ದಾಟುತ್ತದೆ. ನಾಸಿಕದಲ್ಲಿ ದಿನ ಬಿಟ್ಟು ದಿನ ಸಿಂಪಡಿಸುತ್ತಿದ್ದ ನೀರನ್ನು ಇಲ್ಲಿ ದಿನಕ್ಕೆರಡು ಸಲ ಸಿಂಪಡಿಸಬೇಕಾಯಿತು. ನಮ್ಮ ಬಡಾವಣೆಗೆ ನಲ್ಲಿ ನೀರು ಬರುವುದು ಕೆಲವು ದಿನಗಳಿಗೊಮ್ಮೆ. ಹಾಗಾಗಿ ಎಲ್ಲರ ಮನೆಯಲ್ಲೂ ಡ್ರಮ್ಮು, ಟಾಕಿ, ಕೊಡಪಾನ. ನಿಂತ ನೀರು ಇದ್ದಲ್ಲಿ ಈಡಿಸ್ ಸೊಳ್ಳೆ, ಈಡಿಸ್ ಇದ್ದಲ್ಲಿ ಡೆಂಗಿ. ಮಳೆಗಾಲದಲ್ಲಿ ಪಕ್ಕದ ಮನೆಯ ಮಗುವಿಗೆ ಡೆಂಗಿ ಬಂತು. ಪ್ಲೇಟ್‌ಲೆಟ್ ಇಳಿದು ಆಸ್ಪತ್ರೆ ಸೇರಿತು. ಅದೇ ವಾರ ಮೈಸೂರಿನಿಂದ ಅತ್ತೆ ಬಂದಿಳಿದರು. ಎಪ್ಪತ್ತಾರು ವರ್ಷ, ಸಕ್ಕರೆ ಕಾಯಿಲೆ.

ಯಜಮಾನರು ಸಂಜೆ ಸೊಳ್ಳೆ ಯಂತ್ರಗಳನ್ನು ಕೊಂಡು ತಂದರು, ಪ್ಲಗ್ಗಿಗೆ ಹಾಕಿ ದ್ರವ ಆವಿಯಾಗಿಸುವಂಥವು. ಅದರಲ್ಲಿರುವ ಔಷಧಿ ಸೊಳ್ಳೆಯನ್ನು ಕೊಲ್ಲುವ ಹಾಗೆಯೇ ಜೇಡವನ್ನೂ ಕೊಲ್ಲಬಲ್ಲದು. ಮಗಳು ಶೆಲ್ಫಿನ ಮುಂದೆ ನಿಂತಳು.

"ಅಜ್ಜಿ ಮುಖ್ಯವೋ, ಹುಳ ಮುಖ್ಯವೋ?" ಅವರ ದನಿ ಏರಿತ್ತು.

"ಅಜ್ಜಿ" ಅಂದಳು ಅವಳು ತಡವರಿಸದೆ. "ಅಜ್ಜಿ ರೂಮಲ್ಲಿ ಇವತ್ತೇ ಹಾಕಿ. ಆದರೆ ಈ ಸೊಳ್ಳೆ ಹಗಲು ಕಚ್ಚುತ್ತೆ ಅಪ್ಪ. ಕಿಟಕಿಗೆ ಜಾಲರಿ ಹಾಕಿಸದೆ, ಡ್ರಮ್ಮಿಗೆ ಮುಚ್ಚಳ ಇಲ್ಲದೆ ಬರೀ ಇದನ್ನ ನಂಬಬೇಡಿ."

ಆ ರಾತ್ರಿ ಅವಳು ಮನೆಯಲ್ಲಿ ನೀರು ನಿಲ್ಲುವ ಜಾಗಗಳನ್ನೆಲ್ಲ ಪಟ್ಟಿ ಮಾಡಿದಳು. ಕೂಲರ್, ಕುಂಡದ ತಟ್ಟೆ, ಫ್ರಿಜ್ಜಿನ ಹಿಂದಿನ ತಟ್ಟೆ, ಕೊನೆಯಲ್ಲಿ ತನ್ನದೇ ಶೆಲ್ಫಿನ ಕಾಲಿನ ನಾಲ್ಕು ಬಟ್ಟಲು. ಬಟ್ಟಲು ತೆಗೆದು ಕಾಲುಗಳಿಗೆ ವ್ಯಾಸಲೀನಿನ ದಪ್ಪ ಪಟ್ಟಿ ಬಳಿದಳು. ಇರುವೆ ಅದನ್ನೂ ದಾಟುವುದಿಲ್ಲ. ವಾರಕ್ಕೊಂದು 'ಕೋರಡಾ ದಿವಸ', ಅಂದರೆ ಎಲ್ಲ ಪಾತ್ರೆ ಬರಿದು ಮಾಡಿ ಒಣಗಿಸುವ ದಿನ, ಅವತ್ತಿನಿಂದ ನಮ್ಮ ಮನೆಯ ವ್ರತವಾಯಿತು. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರದ ಮೇಲೆ ಬೇಕು, ಅಷ್ಟರೊಳಗೆ ನೀರು ಚೆಲ್ಲಿದರೆ ಸರಿ.

ಜಾಲರಿಯವನು ಹತ್ತು ದಿನ ಬೇಕೆಂದ. ಏಳರಲ್ಲಿ ಐದು ಜೇಡಗಳನ್ನು ಮಗಳು ಮರುದಿನ ಬೆಳಿಗ್ಗೆ ಆವರಣದ ಬೇವಿನ ಮರಕ್ಕೆ ಬಿಟ್ಟಳು. "ಕಾದು ನೋಡೋಣ ಅಂತ ಇಟ್ಟುಕೊಳ್ಳೋದು ನನ್ನ ಆಸೆಗೆ, ಅವುಗಳ ಒಳ್ಳೇದಕ್ಕಲ್ಲ" ಅಂದಳು. ಉಳಿದೆರಡನ್ನು ಬಿಡುವಂತಿರಲಿಲ್ಲ. ಒಂದು ಪೊರೆ ಕಳಚಲು ಚೀಲ ಮುಚ್ಚಿಕೊಂಡು ಕೂತಿತ್ತು. ಇನ್ನೊಂದು ಮೊಟ್ಟೆ ಕಾಯುತ್ತಿತ್ತು. ಆ ಎರಡು ಡಬ್ಬಿ ಹಿಂಬದಿಯ ಬಾಲ್ಕನಿಗೆ ಹೋದವು. ಅತ್ತೆಯವರ ಕೋಣೆಯಲ್ಲಿ ಸೊಳ್ಳೆಪರದೆಯೂ ಯಂತ್ರವೂ ಬಂದವು, ಬಾಗಿಲ ಸಂದಿಗೆ ಒದ್ದೆ ಟವೆಲ್. ಅತ್ತೆಗೆ ಏನೂ ಆಗಲಿಲ್ಲ. ಪಕ್ಕದ ಮನೆಯ ಮಗು ವಾರದಲ್ಲಿ ನಗುತ್ತಾ ಮನೆಗೆ ಬಂತು. ಚೀಲದೊಳಗಿದ್ದ ಜೇಡ ಹೊರಗೆ ಬರಲೇ ಇಲ್ಲ. ಸೆಕೆಯೋ, ಗಾಳಿಯಲ್ಲಿ ಬಂದ ಔಷಧಿಯೋ, ಪೊರೆ ಕಳಚುವಾಗಿನ ತೊಡಕೋ, ಸತ್ತಿತ್ತು. ಮೊಟ್ಟೆ ಕಾಯುತ್ತಿದ್ದದ್ದು ಅನ್ನ ಮುಟ್ಟದೆ ಕಾದು ಕೂತು, ಸಾಸಿವೆಗಿಂತ ಸಣ್ಣ ಮರಿಗಳನ್ನು ಹೊರಗೆ ಬಿಟ್ಟಿತು. ಅತ್ತೆ ಭೂತಗನ್ನಡಿ ಹಿಡಿದು ಇಪ್ಪತ್ತೆಂಟು ಎಣಿಸಿದರು. "ಬಾಣಂತಿ ಕಣೇ, ಗಲಾಟೆ ಮಾಡಬೇಡಿ" ಅಂತ ಟೀವಿ ಸದ್ದು ಕಡಿಮೆ ಮಾಡಿಸಿದರು. ಮರಿಗಳನ್ನೂ ಬೇವಿನ ಮರಕ್ಕೇ ಬಿಟ್ಟೆವು, ಒಂದನ್ನೂ ಇಟ್ಟುಕೊಳ್ಳಲಿಲ್ಲ.

ಆಫ್ರಿಕಾದ ವಿಕ್ಟೋರಿಯಾ ಸರೋವರದ ಸುತ್ತ ಎವಾರ್ಕಾ ಕುಲಿಸಿವೋರಾ ಎಂಬ ಜಿಗಿಯುವ ಜೇಡವಿದೆಯಂತೆ. ರಕ್ತ ಕುಡಿದ ಸೊಳ್ಳೆಯನ್ನೇ ಆರಿಸಿ ಹಿಡಿಯುತ್ತದೆಂದು ವಿಜ್ಞಾನಿಗಳು ತೋರಿಸಿದ್ದಾರೆ. ಇದನ್ನು ಓದಿ ಹೇಳಿದಾಗ ಯಜಮಾನರು, "ಆ ಜಾತಿಯದು ಇದ್ದಿದ್ದರೆ ನಾನೇ ಇನ್ನೊಂದು ಶೆಲ್ಫ್ ಹೊಡೆಸ್ತಿದ್ದೆ" ಅಂದರು. ನಮ್ಮವೂ ಸೊಳ್ಳೆ ಸಿಕ್ಕರೆ ಬಿಡುವುದಿಲ್ಲ, ಆದರೆ ಡೆಂಗಿ ತಡೆಯುವುದು ಜೇಡದ ಕೆಲಸವಲ್ಲ. ಅದು ಡ್ರಮ್ಮಿನ ಮುಚ್ಚಳದ ಕೆಲಸ.

ಅತ್ತೆ ಊರಿಗೆ ಹೊರಡುವ ಮುಂಚೆ ಎಲ್ಲೋರಕ್ಕೆ ಕರೆದುಕೊಂಡು ಹೋಗಿದ್ದೆವು. ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ನಮ್ಮ ರಾಷ್ಟ್ರಕೂಟರ ಒಂದನೇ ಕೃಷ್ಣನ ಕಾಲದಲ್ಲಿ ಬೆಟ್ಟ ಕಡಿದು ಇಳಿಸಿದ ಕೈಲಾಸ ದೇವಾಲಯದ ಮುಂದೆ ಅವರು ಕಣ್ತುಂಬಿಕೊಂಡು ನಿಂತಿದ್ದರು. ಅಲ್ಲಿಯ ಬಿಸಿ ಕಲ್ಲಿನ ಮೇಲೆ ಬೂದು ಬಣ್ಣದ ಜಿಗಿಯುವ ಜೇಡವೊಂದು ಓಡಾಡುತ್ತಿದ್ದುದನ್ನು ಮೊದಲು ಕಂಡವರು ಮಗಳಲ್ಲ, ಅತ್ತೆಯವರೇ. "ನೋಡೇ, ಇದಕ್ಕೆ ಕೃಷ್ಣರಾಜನೇ ಶೆಲ್ಫ್ ಮಾಡಿಸಿಕೊಟ್ಟಿದಾನೆ" ಅಂದರು. ಮಗಳು ಜೇಬಿನಲ್ಲಿದ್ದ ಶೀಶೆಯನ್ನು ಹೊರಗೆ ತೆಗೆಯಲಿಲ್ಲ.

ಈಗ ನಮ್ಮ ಶೆಲ್ಫಿನಲ್ಲಿ ಹತ್ತು ಡಬ್ಬಿ ಹಿಡಿಯುವ ಜಾಗವಿದೆ, ಇರುವುದು ಮೂರು ಜೇಡ. ಅವಳಿಗೆ ಹತ್ತನೇ ತರಗತಿಯ ಓದು, ಮೂರಕ್ಕೆ ಮಾತ್ರ ಸಮಯ ಸಿಗುತ್ತದೆ. ಹಲಗೆ ಎಷ್ಟು ಉದ್ದವಿದೆ ಅಂತ ನೋಡಬಾರದು, ನಮ್ಮ ದಿನ ಎಷ್ಟು ಉದ್ದವಿದೆ ಅಂತ ನೋಡಬೇಕು ಅನ್ನುವುದು ಅವಳ ಲೆಕ್ಕ. ಮನೆಗೆ ಬಂದವರು "ಇಷ್ಟು ದೊಡ್ಡ ಶೆಲ್ಫ್, ಖಾಲಿ ಬಿಟ್ಟಿದೀರಲ್ಲ" ಅನ್ನುತ್ತಾರೆ. ಅವರು ಕೂರುವ ಜಾಗದಿಂದ ಡಬ್ಬಿಗಳು ಸರಿಯಾಗಿ ಕಾಣುವುದೂ ಇಲ್ಲ, ಎದ್ದು ಹತ್ತಿರ ಹೋಗಿ ಬಗ್ಗಬೇಕು. ಬಗ್ಗಿದವರನ್ನು ಒಳಗಿನವರು ತಿರುಗಿ ನೋಡುತ್ತಾರೆ. ಮುಂದಿನ ದಸರೆಗೆ ಮೇಲಿನ ಹಲಗೆಯೊಂದು ಪಟ್ಟದ ಗೊಂಬೆಗೆ ಬೇಕು ಅಂತ ಅತ್ತೆಯವರ ಫೋನು ಬಂದಿದೆ. ಮಗಳು ಒಪ್ಪಿದ್ದಾಳೆ, ಅರಿಶಿನ-ಕುಂಕುಮದ ತಟ್ಟೆ ಇಡಬಹುದು, ಊದುಬತ್ತಿ ಮಾತ್ರ ಹಚ್ಚುವಂತಿಲ್ಲ ಎಂಬ ಷರತ್ತಿನ ಮೇಲೆ.